ಇನ್ನೊಬ್ಬರು ಓದಬಲ್ಲ ಭಾಷೆ

ಮೇಷ್ಟ್ರು ತೀರಿಹೋಗಿ ಹದಿನೈದು ದಿನವಾಗಿತ್ತು. ಸಾಹೇಬರು ನನ್ನನ್ನು ಕೋಣೆಗೆ ಕರೆಸಿ, ಕೂರಲು ಹೇಳಿ, "ಆ ಕಂಪ್ಯೂಟರ್ ಯಂತ್ರದ ಭಾಷೆ ಇನ್ನು ನೀವೇ ಕಲೀಬೇಕಮ್ಮ. ಎರಡು ಭಾಷೆ ಇದೆಯಂತೆ. ಯಾವುದು ಅನ್ನೋದನ್ನೂ ನೀವೇ ಆರಿಸ್ಕೊಳ್ಳಿ. ನನಗೆ ಅದರ ತಲೆಬುಡ ಗೊತ್ತಿಲ್ಲ," ಎಂದರು.

ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿತ್ತು ಅನ್ನುವುದೊಂದೇ ನನ್ನ ಬಂಡವಾಳ.

ಅರವತ್ತರ ದಶಕದ ಕೊನೆಯ ವರ್ಷಗಳು ಅವು. ಹೊಸ ಬಡಾವಣೆಗಳಿಗೆ ಕುಡಿಯುವ ನೀರಿನ ಕೊಳವೆಗಳನ್ನು ಎಲ್ಲೆಲ್ಲಿ, ಎಷ್ಟು ದಪ್ಪದ್ದು ಹಾಕಬೇಕು ಎಂದು ಲೆಕ್ಕ ಮಾಡಿ ನಕ್ಷೆ ಬರೆದುಕೊಡುವ ಸಣ್ಣ ಕಚೇರಿ ನಮ್ಮದು. ಜಯನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿತ್ತು. ಹಜಾರದಲ್ಲಿ ಮೇಷ್ಟ್ರ ಮೇಜು, ಹಿಂದೆ ಅಡುಗೆಮನೆಯಾಗಿದ್ದ ಜಾಗದಲ್ಲಿ ನನ್ನ ಮೇಜು. ಇಬ್ಬರ ಮುಂದೆಯೂ ಹಿಡಿ ತಿರುಗಿಸುವ ಒಂದೊಂದು ಲೆಕ್ಕದ ಯಂತ್ರ, ಒಂದೊಂದು ಲಾಗರಿತಂ ಪುಸ್ತಕ. ಅವರು ನಿಜವಾಗಿಯೂ ಮೇಷ್ಟ್ರಾಗಿದ್ದವರು. ತುಮಕೂರಿನ ಕಡೆ ಮಿಡ್ಲ್‌ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದು, ಆಮೇಲೆ ಈ ಕೆಲಸಕ್ಕೆ ಬಂದರು. ಸಾಹೇಬರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ಇಬ್ಬರ ಮಧ್ಯೆ ಗೋಡೆ ಇದ್ದದ್ದು ಬೇಕೆಂದೇ. ನಮ್ಮ ಕಚೇರಿಯ ಪದ್ಧತಿ ಹಾಗಿತ್ತು. ಪ್ರತಿಯೊಂದು ಲೆಕ್ಕವನ್ನೂ ಇಬ್ಬರು ಬೇರೆಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ, ಮೊದಲಿನಿಂದ ಕೊನೆಯವರೆಗೆ ಮಾಡಬೇಕು. ಎರಡೂ ಶೀಟು ಒಂದಾದರೆ ಮಾತ್ರ ಮುಂದಕ್ಕೆ. ಶೀಟಿನ ಅಡಿಯಲ್ಲಿ ಎರಡು ಚೌಕ. ಒಂದರಲ್ಲಿ ಲೆಕ್ಕ ಮಾಡಿದವರ ಸಹಿ, ಇನ್ನೊಂದರಲ್ಲಿ ತಾಳೆ ನೋಡಿದವರ ಸಹಿ. ನಾನು ಸೇರಿದ ಹೊಸದರಲ್ಲಿ ಒಮ್ಮೆ ಗೋಡೆಯ ಈಚೆಯಿಂದ, "ಮೇಷ್ಟ್ರೇ, ಮೂರನೇ ಲೂಪಿಗೆ ನಿಮಗೆಷ್ಟು ಬಂತು?" ಎಂದು ಕೂಗಿದ್ದೆ. ಆಚೆಯಿಂದ, "ನನಗೆ ಕಿವಿ ಕೇಳಲ್ಲಮ್ಮ," ಎಂಬ ಉತ್ತರ ಬಂತು. ಮಧ್ಯಾಹ್ನ ಚಹಾ ಕುಡಿಯುವಾಗ ನಾನು ಪಿಸುಗುಟ್ಟಿದ್ದೂ ಅವರಿಗೆ ಸರಿಯಾಗಿ ಕೇಳುತ್ತಿತ್ತು.

ಅವರು ಹೋಗುವುದಕ್ಕೆ ಮುಂಚಿನ ಮೂರು ತಿಂಗಳು ಈ ಪದ್ಧತಿ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು.

ಸಕ್ಕರೆ ಕಾಯಿಲೆಯಿಂದ ಅವರ ಕಾಲಿಗೆ ಹುಣ್ಣಾಗಿ ಕತ್ರಿಗುಪ್ಪೆಯ ಮನೆಯಿಂದ ಹೊರಗೆ ಬರಲಾರದಂತಾದರು. ಇದ್ದಬದ್ದ ರಜವೆಲ್ಲ ಮುಗಿಯಿತು. ಮನೆಯಲ್ಲೇ ಕೂತು ಶೀಟು ಮಾಡಿಕೊಡಲಿ, ಅಲ್ಲಿಯವರೆಗೆ ಕೆಲಸದಲ್ಲಿದ್ದಾರೆ ಎಂದೇ ಬರೆಯೋಣ ಎಂದು ಸಾಹೇಬರು ದೊಡ್ಡ ಮನಸ್ಸು ಮಾಡಿದರು. ಶೀಟು ಬರುವುದು ನಿಂತರೆ ಅನಾರೋಗ್ಯದ ಕಾರಣಕ್ಕೆ ನಿವೃತ್ತಿ. ಶೀಟು ಒಯ್ದು ತರುವ ಕೆಲಸ ನನ್ನದಾಯಿತು. ಮೊದಲ ವಾರ ಕೊಟ್ಟದ್ದು ಹಾಗೇ ಖಾಲಿ ಉಳಿದಿತ್ತು. ಎರಡನೆಯ ವಾರವೂ ಹಾಗೇ. "ಕೂತ್ಕೊಳ್ಳೋಕ್ಕಾಗ್ತಿಲ್ಲಮ್ಮ," ಎಂದಷ್ಟೇ ಹೇಳಿದರು. ಮೂರನೆಯ ವಾರದಿಂದ ನಾನು ನನ್ನ ಶೀಟನ್ನೂ ಮಾಡಿ, ಅವರ ಶೀಟನ್ನೂ ಅವರ ಅಂಕಿಗಳ ಬರವಣಿಗೆಯಲ್ಲಿ ತುಂಬಿ, ಸಹಿಗೆ ಕತ್ರಿಗುಪ್ಪೆಗೆ ಒಯ್ಯತೊಡಗಿದೆ. ಒಟ್ಟು ಹತ್ತೊಂಬತ್ತು ಶೀಟು, ಬನಶಂಕರಿ ಕಡೆಯ ದಿಣ್ಣೆಯ ಮೇಲಿನ ಒಂದು ಹೊಸ ಬಡಾವಣೆಯದು. ಕೊಟ್ಟುಬರುವಾಗಲೆಲ್ಲ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಜಂಕ್ಷನ್ ಕೂಡಿಸಿದ್ಯಾ?"

"ಕೂಡಿಸಿದೀನಿ ಮೇಷ್ಟ್ರೇ."

ಕೂಡಿಸಿರಲಿಲ್ಲ. ಜಂಕ್ಷನ್ ಎಂದರೆ ಕೊಳವೆಗಳು ಸೇರುವ ಜಾಗ. ಅಲ್ಲಿಗೆ ಎಷ್ಟು ನೀರು ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಕೊನೆಯಲ್ಲಿ ಅದನ್ನು ಕೂಡಿಸಿ ನೋಡುವುದು ಎರಡನೆಯವರ ಕೆಲಸ. ಎರಡು ಶೀಟು ತುಂಬುವಷ್ಟರಲ್ಲಿ ಸಾಯಂಕಾಲವಾಗುತ್ತಿತ್ತು. ನಾನೇ ಮಾಡಿದ್ದು, ಸರಿಯಾಗಿಯೇ ಇರುತ್ತದೆ ಎಂದುಕೊಂಡು ಆ ಕಾಲಂನಲ್ಲಿ ಸರಿ ಗುರುತು ಹಾಕಿಬಿಡುತ್ತಿದ್ದೆ. ಶೀಟುಗಳು ಮರುದಿನ ಸಹಿಯಾಗಿ ವಾಪಸು ಬರುತ್ತಿದ್ದವು.

ಹತ್ತೊಂಬತ್ತನೆಯ ಶೀಟು ಮುಗಿದ ಮೂರು ದಿನಕ್ಕೆ ಅವರು ಹೋದರು. ಹೆಂಡತಿಗೆ, ಅಣ್ಣತಮ್ಮಂದಿರಿಗೆ ಅಳುವುದಕ್ಕೆ ಒಂದು ಜಾಗವಿರುತ್ತದೆ. ಗೋಡೆಯ ಆಚೆ ಕೂತು ಐದು ವರ್ಷ ಅದೇ ಅಂಕಿಗಳನ್ನು ಬರೆದವಳಿಗೆ ಯಾವ ಜಾಗ? ಶಿವಗಣಾರಾಧನೆಯ ದಿನ ಕಚೇರಿಯವರ ಸಾಲಿನಲ್ಲಿ ಕೂತು ಊಟ ಮಾಡಿ ಬಂದೆ. ಮಾರನೆಯ ದಿನ ನನ್ನ ಯಂತ್ರದ ಹಿಡಿ ತಿರುಗಿಸುವಾಗ ಆಚೆಯಿಂದ ಇನ್ನೊಂದು ಯಂತ್ರದ ಸದ್ದಿಲ್ಲ ಎನ್ನುವುದು ಮೊದಲ ಸಲ ಕೇಳಿಸಿತು. ಅಷ್ಟು ದಿನ ಖಾಲಿಯೇ ಇತ್ತು ಆ ಕುರ್ಚಿ. ಆದರೂ ಕೇಳಿಸಿರಲಿಲ್ಲ.

ಊರಿನ ಇನ್ನೊಂದು ತುದಿಯ ಒಂದು ವಿಜ್ಞಾನ ಸಂಸ್ಥೆಗೆ ಕಂಪ್ಯೂಟರ್ ಬಂದಿತ್ತು. ಪ್ರತಿ ಗುರುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಕಚೇರಿಗೆ ಕೊಡಲು ಒಪ್ಪಿದ್ದರು. ಸಾಹೇಬರ ಯೋಜನೆ ಸರಳವಾಗಿತ್ತು. "ಉತ್ತರ ಗೊತ್ತಿರೋ ಒಂದು ಲೆಕ್ಕ ಮೊದಲು ಯಂತ್ರಕ್ಕೆ ಕೊಡಿ. ತಾಳೆಯಾದ್ರೆ ಆಮೇಲೆ ಹೊಸ ಲೆಕ್ಕ. ಮೇಷ್ಟ್ರು, ನೀವು ಸೇರಿ ಮುಗಿಸಿದ್ರಲ್ಲ, ದಿಣ್ಣೆ ಬಡಾವಣೆದು, ಅದನ್ನೇ ಕೊಡಿ. ಅವರ ಕೊನೇ ಕೆಲಸ. ಅದರಿಂದ್ಲೇ ಶುರುವಾಗ್ಲಿ."

ನಾನು ತಲೆಯಾಡಿಸಿ ಬಂದೆ. ಅದರಲ್ಲಿ ತಪ್ಪು ಸಿಕ್ಕಿದರೆ, ಸತ್ತವರ ಸಹಿ ಇರುವ ಶೀಟಿನಲ್ಲಿ ಸಿಗುತ್ತದೆ. ಸಿಗದೆ ಹೋಗಲಿ ಎಂದು ಆ ದಿನದಿಂದ ಬೇಡಿಕೊಳ್ಳತೊಡಗಿದೆ.

ಮೊದಲ ಗುರುವಾರ ಯಂತ್ರದ ಕೋಣೆಯ ಮೇಲ್ವಿಚಾರಕರು ನನಗೆ ಎರಡು ಭಾಷೆಗಳನ್ನೂ ತೋರಿಸಿದರು. ಅವರು ಕಣ್ಣಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಹಣೆಯ ವಿಭೂತಿ ಇಟ್ಟುಕೊಂಡಿದ್ದ, ತಮಿಳು ಮನೆಮಾತಿನ ಹಿರಿಯರು.

"ಇದು ಸಿಂಬಾಲಿಕ್ ಅಂತ. ಯಂತ್ರ ಒಂದೊಂದು ಹೆಜ್ಜೆನೂ ಹೇಗೆ ಇಡಬೇಕು ಅಂತ ನೀವೇ ಹೇಳ್ಬೇಕು. ಈ ಅಂಕಿ ಈ ಗೂಡಿಂದ ತೆಗಿ, ಆ ಗೂಡಲ್ಲಿರೋದಕ್ಕೆ ಕೂಡು, ಅಲ್ಲೇ ಇಡು. ಹಾಗೆ. ಇನ್ನೊಂದು ಫೋರ್ಟ್ರಾನ್. ಅದರಲ್ಲಿ ಪುಸ್ತಕದಲ್ಲಿರೋ ಸೂತ್ರ ಹಾಗೇ ಬರೀತೀರಾ. ಹೆಜ್ಜೆ ಎಲ್ಲಾ ಅದೇ ಮಾಡ್ಕೊಳ್ಳತ್ತೆ."

"ಹೊಸದಾಗಿ ಕಲಿಯೋರಿಗೆ ಯಾವುದು ಸಾರ್?"

"ಕಲಿಯೋಕೆ ಫೋರ್ಟ್ರಾನ್. ನಿಮ್ಮ ಮೇಷ್ಟ್ರು ಮಾತ್ರ ಸಿಂಬಾಲಿಕ್ ಹಿಡ್ಕೊಂಡಿದ್ರು. ಈ ಯಂತ್ರಕ್ಕೆ ಕೂಡೋದೇ ಬರಲ್ಲ, ಕೂಡೋ ಮಗ್ಗಿ ಒಳಗೆ ತುಂಬಿಟ್ಟಿದೀವಿ, ನೋಡ್ಕೊಂಡು ಕೂಡತ್ತೆ ಅಂದೆ. ಭಾಳ ನಕ್ಕರು. ನಮ್ಮ ಥರಾನೇ ಪುಸ್ತಕ ನೋಡೋದು ಅಂದ್ರು."

ಕಾಯಿಲೆ ಹೆಚ್ಚಾಗುವ ಮುಂಚೆ ಮೇಷ್ಟ್ರು ಅಲ್ಲಿ ಎರಡು ವಾರದ ಪಾಠಕ್ಕೆ ಹೋಗಿದ್ದರು. ಅವರು ಬರೆದುಕೊಂಡ ನೋಟ್‌ಬುಕ್ ಕಚೇರಿಯ ಮೇಜಿನಲ್ಲಿತ್ತು. ನಾಲ್ವತ್ತು ಪುಟ, ಎಲ್ಲ ಸಿಂಬಾಲಿಕ್. ಕೊನೆಯ ಪುಟದಲ್ಲಿ ವಾಕ್ಯ ಅರ್ಧಕ್ಕೆ ನಿಂತಿತ್ತು.

ನಾನು ಸಿಂಬಾಲಿಕ್ ಆರಿಸಿಕೊಂಡೆ. ಅವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ ಎಂದು ಸಾಹೇಬರಿಗೆ ಹೇಳಿದೆ. ಅವರ ಕಣ್ಣು ಒದ್ದೆಯಾಯಿತು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಎರಡನೆಯ ಕಾರಣ. ಮೊದಲನೆಯದು ಬೇರೆ. ಬರೆದ ಒಂದೊಂದು ಸಾಲನ್ನೂ ಒಂದೊಂದು ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಕೊಡಬೇಕಿತ್ತು. ಫೋರ್ಟ್ರಾನ್ ಕಾರ್ಡುಗಳನ್ನು ನಮ್ಮ ಕಚೇರಿಯ ಯಾವ ಇಂಜಿನಿಯರಾದರೂ ಒಂದು ದಿನ ಕೂತರೆ ಓದಬಲ್ಲರು. ಸಿಂಬಾಲಿಕ್ಕನ್ನು ನನ್ನ ಹೊರತು ಯಾರೂ ಓದಲಾರರು. ಯಂತ್ರ ಏನು ಹೇಳಿತು, ಯಾಕೆ ಹೇಳಿತು ಎನ್ನುವುದು ನನ್ನ ಹತ್ತಿರವೇ ಉಳಿಯುತ್ತದೆ.

ಮುಂದಿನ ಆರು ವಾರ ಬಲು ಕಷ್ಟದವು. ಬೆಳಿಗ್ಗೆ ಕಚೇರಿಯ ಲೆಕ್ಕ, ಮಧ್ಯಾಹ್ನ ನೋಟ್‌ಬುಕ್. ಮಾಡಬೇಕಾದ ಲೆಕ್ಕ ನನಗೆ ಕರತಲಾಮಲಕವಾಗಿತ್ತು. ಬಡಾವಣೆಯ ಕೊಳವೆಗಳು ನಕ್ಷೆಯಲ್ಲಿ ಕಿಟಕಿಯ ಸರಳಿನ ಹಾಗೆ ಚೌಕಚೌಕವಾಗಿ ಕಾಣುತ್ತವೆ. ಒಂದೊಂದು ಚೌಕವೂ ಒಂದು ಲೂಪ್. ಪ್ರತಿ ಕೊಳವೆಯಲ್ಲಿ ಇಷ್ಟು ನೀರು ಹರಿಯಬಹುದು ಎಂದು ಮೊದಲು ಅಂದಾಜು ಹಾಕುತ್ತೇವೆ. ಲೂಪಿನ ಸುತ್ತ ಒತ್ತಡದ ನಷ್ಟವನ್ನು ಕೂಡಿಸುತ್ತೇವೆ. ಸೊನ್ನೆ ಬರಬೇಕು. ಬರುವುದಿಲ್ಲ. ಎಷ್ಟು ತಪ್ಪಿದೆಯೋ ಅದರಿಂದ ಒಂದು ತಿದ್ದುಪಡಿ ಕಂಡುಹಿಡಿದು, ಆ ಲೂಪಿನ ಎಲ್ಲ ಕೊಳವೆಗಳಿಗೂ ಸೇರಿಸುತ್ತೇವೆ. ಮತ್ತೆ ಮೊದಲಿನಿಂದ. ತಿದ್ದುಪಡಿ ಸೊನ್ನೆಗೆ ಇಳಿಯುವವರೆಗೆ ಇದೇ ಸುತ್ತು.

ಕೈಯಲ್ಲಿ ಒಂದು ಸಾಲಿನಲ್ಲಿ ಮುಗಿಯುವುದಕ್ಕೆ ಸಿಂಬಾಲಿಕ್‌ನಲ್ಲಿ ಐವತ್ತು ಕಾರ್ಡು ಬೇಕಾಗುತ್ತಿತ್ತು. ದಶಾಂಶದ ಚುಕ್ಕೆ ಎಲ್ಲಿದೆ ಎನ್ನುವುದನ್ನು ಯಂತ್ರ ನೆನಪಿಟ್ಟುಕೊಳ್ಳುವುದಿಲ್ಲ. ನಾನೇ ಇಟ್ಟುಕೊಳ್ಳಬೇಕು. ಎರಡನೆಯ ಗುರುವಾರ ಚುಕ್ಕೆ ಒಂದು ಸ್ಥಾನ ತಪ್ಪಿ, ಒಂದು ಬೀದಿಯ ಕೊಳವೆಯಲ್ಲಿ ಕಾವೇರಿಯೇ ಹರಿಯುವಷ್ಟು ನೀರು ಬಂತು. ಮೂರನೆಯ ಗುರುವಾರ ಯಂತ್ರ ಒಂದೇ ಕಡೆ ಗಿರಕಿ ಹೊಡೆಯುತ್ತ ನಿಂತಿತು. ನಾಲ್ಕನೆಯ ಗುರುವಾರ ಬಸ್ಸಿನಿಂದ ಇಳಿಯುವಾಗ ಕಾರ್ಡಿನ ಕಟ್ಟು ಬಿಚ್ಚಿ ರಸ್ತೆಯ ಮೇಲೆ ಹರಡಿತು. ಕಾರ್ಡಿನ ಮೇಲೆ ಅನುಕ್ರಮ ಸಂಖ್ಯೆ ಹಾಕಬೇಕು ಎಂದು ಮೇಷ್ಟ್ರ ನೋಟ್‌ಬುಕ್ಕಿನ ಎರಡನೆಯ ಪುಟದಲ್ಲೇ ಇತ್ತು. ನಾನು ಹಾಕಿರಲಿಲ್ಲ. ಎರಡು ಗಂಟೆಯನ್ನೂ ನೆಲದ ಮೇಲೆ ಕೂತು ಜೋಡಿಸುವುದರಲ್ಲಿ ಕಳೆದೆ.

ಕಚೇರಿಯ ಜೂನಿಯರ್ ಇಂಜಿನಿಯರ್ ನನ್ನ ಓರಗೆಯವನು, ಬಾಯಿ ಸ್ವಲ್ಪ ಜೋರು. ನನ್ನ ಕಾಗದಗಳನ್ನು ಎತ್ತಿ ನೋಡಿ, "ಏನ್ ಮೇಡಂ ಇದು, ಬಸ್ ಟಿಕೆಟ್ ನಂಬರ್ ಎಲ್ಲಾ ಬರೆದಿಟ್ಕೊಂಡಿದೀರಾ?" ಎನ್ನುತ್ತಿದ್ದ.

"ಲೆಕ್ಕ ಅದು."

"ನೀವು ಹೇಳಿದ್ರಿ ಅಂತ ನಂಬ್ತೀನಿ. ಇಲ್ದಿದ್ರೆ ಮಂತ್ರವಾದಿ ಬರೆದ ಯಂತ್ರ ಅಂತ ತೋಳಿಗೆ ಕಟ್ಕೋತಿದ್ದೆ."

ಆರನೆಯ ವಾರದ ಹೊತ್ತಿಗೆ ಪೂರ್ತಿ ಲೆಕ್ಕ ಮಾಡಿಸಲು ನನ್ನಿಂದ ಆಗಿರಲಿಲ್ಲ. ಒಂದೇ ಒಂದು ಸುತ್ತು ಮಾಡುವಷ್ಟು ಕಾರ್ಡು ಸಿದ್ಧವಾಗಿತ್ತು. ಅಂದಾಜಿನಿಂದ ಶುರು ಮಾಡಿದರೆ ಒಂದು ಸುತ್ತಿನಲ್ಲಿ ಉತ್ತರ ಸಿಗುವುದಿಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಆರಂಭದ ಅಂದಾಜಿನ ಜಾಗದಲ್ಲಿ ನಮ್ಮ ಶೀಟಿನ ಕೊನೆಯ ಉತ್ತರವನ್ನೇ ಇಟ್ಟೆ. ಯಂತ್ರ ಒಂದು ಸುತ್ತು ಹಾಕಿತು. ಎಲ್ಲ ಲೂಪಿನಲ್ಲೂ ತಿದ್ದುಪಡಿ ಸೊನ್ನೆ ಎಂದು ಟೈಪ್ ಮಾಡಿತು.

ಸಾಹೇಬರು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ನೋಡ್ರಪ್ಪ, ಮೇಷ್ಟ್ರ ಲೆಕ್ಕ ಅಂದ್ರೆ ಹೀಗೆ! ಯಂತ್ರನೂ ಒಂದು ಕೂದಲು ಅಲ್ಲಾಡಿಸೋಕಾಗ್ಲಿಲ್ಲ." ಎಲ್ಲರಿಗೂ ಮೈಸೂರುಪಾಕು ತರಿಸಿದರು. ಇನ್ನು ಗೋಡೆಯ ಆಚೆಗೆ ಬೇರೆಯವರು ಬೇಡ, ಯಂತ್ರವೇ ತಾಳೆ ನೋಡಲಿ ಎಂದರು. ದಿಣ್ಣೆ ಬಡಾವಣೆಯಲ್ಲಿ ಮುಂದಿನ ತಿಂಗಳು ಅಗೆಯಲು ಶುರುಮಾಡಲಿ ಎಂದು ನಕ್ಷೆಗೆ ಸಹಿ ಹಾಕಿದರು.

ಮೈಸೂರುಪಾಕನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟುಕೊಂಡೆ. ತಿನ್ನಲಾಗಲಿಲ್ಲ. ಉತ್ತರವನ್ನೇ ಕೊಟ್ಟು, ಇದು ಉತ್ತರ ಹೌದೇ ಎಂದು ಕೇಳಿದ್ದೆ. ಅದು ಹೌದು ಎಂದಿತ್ತು. ಪರೀಕ್ಷೆ ನಡೆದೇ ಇರಲಿಲ್ಲ.

ಆ ಸಾಯಂಕಾಲ ಜೂನಿಯರ್ ಇಂಜಿನಿಯರ್ ನನ್ನ ಕಾರ್ಡಿನ ಕಟ್ಟನ್ನು ಬೀರುವಿನಲ್ಲಿ ಇಡಲು ಬಂದ. "ಇದನ್ನ ಓದೋರು ಇಡೀ ಆಫೀಸಲ್ಲಿ ನೀವೊಬ್ರೇ ಮೇಡಂ. ನಾಳೆ ನಿಮಗೇನಾದ್ರೂ ಆದ್ರೆ ನಮ್ಮ ಕತೆ?" ಎಂದು ನಕ್ಕ. ನಗು ಬಾಯಲ್ಲಿದ್ದಾಗಲೇ ಹಜಾರದ ಕುರ್ಚಿಯ ಕಡೆ ಅವನ ಕಣ್ಣು ಹೋಯಿತು. "ಸಾರಿ ಮೇಡಂ. ಹಾಗಲ್ಲ ನಾನು ಹೇಳಿದ್ದು," ಎಂದ. ಬೀರುವಿನ ಬಾಗಿಲು ಮುಚ್ಚಿ ಹೋದ.

ಭಾನುವಾರ ನಾನು ದಿಣ್ಣೆಗೆ ನಡೆದು ಹೋದೆ. ಬೀದಿಗಳಿಗೆ ಇನ್ನೂ ಹೆಸರಿರಲಿಲ್ಲ. ಸುಣ್ಣದ ಗೆರೆ ಎಳೆದು ಗೂಟ ಹೊಡೆದಿದ್ದರು. ಎಲ್ಲಕ್ಕಿಂತ ಎತ್ತರದ ಕೊನೆಯ ಎರಡು ಬೀದಿಗಳಲ್ಲಿ ನಾಲ್ಕೈದು ಮನೆ ಎದ್ದಿದ್ದವು. ಒಬ್ಬ ಹೆಂಗಸು ಕೆಳಗಿನ ಬಾವಿಯಿಂದ ಎರಡು ಕೊಡ ನೀರು ಹೊತ್ತು ಏರು ಹತ್ತುತ್ತಿದ್ದಳು. ಗೂಟದ ಹತ್ತಿರ ನಿಂತ ನನ್ನನ್ನು ನೋಡಿ, "ನಲ್ಲಿ ಆಫೀಸಿನೋರಾ? ದೀಪಾವಳಿಗೆ ನೀರ್ ಬರತ್ತಂತೆ, ಹೌದಾ?" ಎಂದಳು.

"ಗೊತ್ತಿಲ್ಲ," ಎಂದೆ.

"ನಿಮಗೇ ಗೊತ್ತಿಲ್ಲ ಅಂದ್ರೆ ಇನ್ನಾರನ್ನ ಕೇಳಾಣ?" ಎನ್ನುತ್ತ ಮುಂದೆ ಹೋದಳು.

ಸೋಮವಾರ ಸಾಹೇಬರ ಹತ್ತಿರ ಹೋಗಿ, ಸಿಂಬಾಲಿಕ್ ಬಿಟ್ಟು ಫೋರ್ಟ್ರಾನ್ ಕಲಿಯುತ್ತೇನೆ, ದಿಣ್ಣೆಯ ಲೆಕ್ಕವನ್ನು ಅದರಲ್ಲಿ ಮೊದಲ ಅಂದಾಜಿನಿಂದ ಕೊನೆಯವರೆಗೆ ಮಾಡಿಸಬೇಕು ಎಂದೆ.

"ತಾಳೆ ಆಯ್ತಲ್ಲಮ್ಮ. ಮತ್ಯಾಕೆ?"

"ಅದು ತಾಳೆ ಅಲ್ಲ ಸಾರ್. ಉತ್ತರಾನೇ ಕೊಟ್ಟಿದ್ದೆ."

ಅವರು ನನ್ನ ಮುಖವನ್ನೇ ನೋಡಿದರು. "ಮೇಷ್ಟ್ರ ಪುಸ್ತಕ ಬಿಡ್ತೀರಾ ಹಾಗಾದ್ರೆ?"

"ಬಿಡ್ತೀನಿ ಸಾರ್. ಇನ್ನೊಬ್ರು ಓದೋಕಾಗೋ ಭಾಷೆ ಬೇಕು. ಜೂನಿಯರ್ ಇಂಜಿನಿಯರ್ ನನ್ನ ಪಕ್ಕ ಕೂತು ಒಂದೊಂದು ಕಾರ್ಡೂ ನೋಡ್ಲಿ."

ಅವರು ಒಪ್ಪಿದರು, ಆದರೆ ಅಗೆತ ಶುರುವಾಗುವುದರೊಳಗೆ ಮುಗಿಸಬೇಕು ಎಂದರು. ನನಗೆ ಮೂರು ಗುರುವಾರ ಉಳಿದಿದ್ದವು.

ಸಂಸ್ಥೆಯ ಮೇಲ್ವಿಚಾರಕರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಆರು ವಾರ ದಂಡ ಅನ್ಕೋಬೇಡಿ. ಒಳಗೆ ಏನಾಗತ್ತೆ ಅಂತ ನೋಡಿದೀರಲ್ಲ, ಇದು ಈಗ ಬೇಗ ಬರತ್ತೆ," ಎಂದರು. ನಿಜ. ಸಿಂಬಾಲಿಕ್‌ನಲ್ಲಿ ಒಂದು ಗುರುವಾರ ಪೂರ್ತಿ ತಿಂದಿದ್ದ ಒತ್ತಡದ ನಷ್ಟದ ಸೂತ್ರ ಇಲ್ಲಿ ಒಂದೇ ಕಾರ್ಡಿನಲ್ಲಿ ಕೂತಿತು. ಜೂನಿಯರ್ ಇಂಜಿನಿಯರ್ ಕುರ್ಚಿ ಎಳೆದುಕೊಂಡು ಕೂತು, ಎರಡನೆಯ ದಿನಕ್ಕೇ ಓದತೊಡಗಿದ. "ಅರೆ, ಇದು ನಮ್ಮ ಕಾಲೇಜ್ ಪುಸ್ತಕದ ಸೂತ್ರಾನೇ! ಇದನ್ನ ಬಿಟ್ಟು ಆ ಬಸ್ ಟಿಕೆಟ್ ಯಾಕೆ ಹಿಡ್ಕೊಂಡಿದ್ರಿ ಮೇಡಂ?" ಎಂದು ಕೇಳಿದ. ನಾನು ಮುಂದಿನ ಕಾರ್ಡು ಅವನ ಕೈಗೆ ಕೊಟ್ಟೆ.

ಮೊದಲ ಗುರುವಾರ ಯಂತ್ರ ನಾಲ್ಕು ಲೂಪು ದಾಟಿ ನಿಂತು, ತಪ್ಪಿನ ಸಂಖ್ಯೆಯೊಂದನ್ನು ಟೈಪ್ ಮಾಡಿತು. ಕೈಪಿಡಿ ನೋಡಿದರೆ, ಋಣ ಸಂಖ್ಯೆಯ ಲಾಗರಿತಂ ಕೇಳಿದ್ದೀರಿ ಎಂದಿತ್ತು. ಸೂತ್ರದಲ್ಲಿ ನೀರಿನ ಅಂಕಿಗೆ ಘಾತ ಹಾಕುವುದು ಲಾಗರಿತಂ ಮೂಲಕವೇ. ಅದಕ್ಕೆ ಋಣ ಸಂಖ್ಯೆ ಕೊಡುವುದು ಕೈಲೆಕ್ಕದ ನಮ್ಮಂಥವರೇ ಮಾಡುವ ತಪ್ಪು. ನೀರು ಗಡಿಯಾರದ ದಿಕ್ಕಿಗೆ ಹರಿದರೆ ಧನ, ಎದುರು ಹರಿದರೆ ಋಣ. ಆದರೆ ನಮ್ಮ ಶೀಟಿನಲ್ಲಿ ಆ ಚಿಹ್ನೆಗೆ ಬೇರೆಯೇ ಒಂದು ಕಿರಿದಾದ ಕಾಲಂ ಇತ್ತು. ಅಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆವು. ಲಾಗರಿತಂ ಪುಸ್ತಕ ತೆರೆಯುವಾಗ ನಮ್ಮ ಕಣ್ಣು ಅಂಕಿಯನ್ನು ಮಾತ್ರ ನೋಡುತ್ತಿತ್ತು. ಐದು ವರ್ಷದಲ್ಲಿ ಒಮ್ಮೆಯೂ ಋಣ ಸಂಖ್ಯೆಗೆ ಲಾಗರಿತಂ ಇಲ್ಲವಲ್ಲ ಎಂದು ಯೋಚಿಸುವ ಸಂದರ್ಭ ಬಂದಿರಲಿಲ್ಲ. ಕಾರ್ಡಿಗೆ ಹಾಕುವಾಗ ಚಿಹ್ನೆಯನ್ನು ಅಂಕಿಗೇ ಅಂಟಿಸಿಬಿಟ್ಟಿದ್ದೆ. ಚಿಹ್ನೆ ತೆಗೆದು ಘಾತ ಹಾಕಿ, ಆಮೇಲೆ ಚಿಹ್ನೆಯನ್ನು ವಾಪಸು ಕೊಡುವಂತೆ ಮೂರು ಕಾರ್ಡು ಬದಲಿಸಿದೆ.

ಎರಡನೆಯ ಗುರುವಾರ ಲೆಕ್ಕ ಕೊನೆ ಮುಟ್ಟಿತು. ಹನ್ನೊಂದು ಸುತ್ತು. ಟೈಪ್ ಆಗಿ ಬಂದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಶೀಟು ಇಟ್ಟುಕೊಂಡು ಇಬ್ಬರೂ ಒಂದೊಂದೇ ಕೊಳವೆಯನ್ನು ಓದುತ್ತ ಬಂದೆವು. ಕೆಳಗಿನ ಬೀದಿಗಳೆಲ್ಲ ಹೆಚ್ಚುಕಡಿಮೆ ಕೂಡಿದವು. ಮೇಲಿನ ಎರಡು ಬೀದಿಗೆ ಬಂದಾಗ ಯಂತ್ರದ ಅಂಕಿ ಬೇರೆ, ನಮ್ಮದು ಬೇರೆ. ಅಲ್ಪಸ್ವಲ್ಪ ಅಲ್ಲ.

"ಪ್ರೋಗ್ರಾಂ ತಪ್ಪಿರತ್ತೆ ಬಿಡಿ," ಎಂದ ಜೂನಿಯರ್ ಇಂಜಿನಿಯರ್. "ಶೀಟಲ್ಲಿ ಇಬ್ಬರದೂ ಒಂದೇ ಇದೆ. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡೋಕೆ ಸಾಧ್ಯನಾ?"

ಪ್ರೋಗ್ರಾಂ ತಪ್ಪಿರಲಿ ಎಂದು ನಾನು ಮೂರು ದಿನ ಹುಡುಕಿದೆ. ಆ ಮೂರು ದಿನ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಸರಿಯಾಗಿರುವ ಕಾರ್ಡನ್ನು ಹತ್ತು ಸಲ ಓದಿ, ತಪ್ಪು ಸಿಗಲಿಲ್ಲವಲ್ಲ ಎಂದು ದುಃಖಪಡುತ್ತಿದ್ದೆ. ನಾಲ್ಕನೆಯ ದಿನ ಕಾರ್ಡು ಪಕ್ಕಕ್ಕಿಟ್ಟು, ಯಾವತ್ತೋ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಶೀಟಿನ ಜಂಕ್ಷನ್‌ಗಳನ್ನು ಕೂಡಿಸಿದೆ. ಮೇಲಿನ ಬೀದಿಯ ತಿರುವಿನಲ್ಲಿ ಒಳಗೆ ಬರುವುದಕ್ಕಿಂತ ಹೆಚ್ಚು ನೀರು ಹೊರಗೆ ಹೋಗುತ್ತಿತ್ತು. ಹಿಂದಕ್ಕೆ ಹೋಗುತ್ತ ಹೋಗುತ್ತ ಐದನೆಯ ಸುತ್ತಿನಲ್ಲಿ ಸಿಕ್ಕಿತು. ಎರಡು ಲೂಪಿಗೆ ಸೇರಿದ ಒಂದು ಕೊಳವೆ. ಪಕ್ಕದ ಲೂಪಿನ ತಿದ್ದುಪಡಿಯನ್ನು ಅದಕ್ಕೆ ಕೊಡುವಾಗ ಚಿಹ್ನೆ ತಿರುಗಿಸಬೇಕು. ತಿರುಗಿಸಿಲ್ಲ. ಒಮ್ಮೆ ಹಾಗೆ ಆದರೆ ಆಮೇಲೆ ಎಷ್ಟು ಸುತ್ತು ಹಾಕಿದರೂ ಅದು ಸರಿಹೋಗುವುದಿಲ್ಲ. ಲೂಪಿನ ಮೊತ್ತವೇನೋ ಸೊನ್ನೆಗೆ ಬರುತ್ತದೆ, ಆದರೆ ಇಲ್ಲದ ನೀರು ಕಾಗದದ ಮೇಲೆ ಹರಿಯುತ್ತಲೇ ಇರುತ್ತದೆ. ಅಲ್ಲಿ ಕೊಳವೆ ಎರಡು ಅಂಗುಲ ಸಣ್ಣದಾಗಿತ್ತು. ಆ ಕೊಡ ಹೊತ್ತ ಹೆಂಗಸಿನ ಬೀದಿಗೆ ನೀರು ಏರುತ್ತಿರಲಿಲ್ಲ.

ಅದೇ ತಪ್ಪು, ಅದೇ ಜಾಗದಲ್ಲಿ, ಮೇಷ್ಟ್ರ ಶೀಟಿನಲ್ಲೂ ಇತ್ತು. ಇರಲೇಬೇಕು. ನೋಡಿಕೊಂಡು ಬರೆದವಳು ನಾನು.

ಹಾಳೆಗಳನ್ನು ಸಾಹೇಬರ ಮೇಜಿನ ಮೇಲಿಟ್ಟು ತಪ್ಪು ಎಲ್ಲಿದೆ ಎಂದು ತೋರಿಸಿದೆ. ಜೂನಿಯರ್ ಇಂಜಿನಿಯರ್ ಪಕ್ಕದಲ್ಲಿ ನಿಂತಿದ್ದ. ಸಾಹೇಬರು ಎರಡು ಶೀಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಪಾಪ, ಕಾಯಿಲೆಲಿ ಮಾಡಿದ್ದು," ಎಂದರು ಮೆತ್ತಗೆ. "ನಾನೇ ಮನೇಗೆ ಕಳಿಸಬಾರದಿತ್ತು. ಮೇಷ್ಟ್ರದು ಏನೋ ಆಯ್ತು, ನಿಮ್ಮದೂ ಹೀಗೇ ಹೇಗೆ ಬಂತು? ಅವರದನ್ನ ನೋಡಿ ಬರೆದ್ರಾ?"

ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕಲಿಯುವ ಹುಡುಗಿ, ಗುರುವಿನದು ನೋಡಿ ಬರೆದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಮಾತು ನನ್ನ ನಾಲಿಗೆಯ ತನಕ ಬಂದಿತ್ತು.

"ಅವರದನ್ನ ನಾನೇ ಬರೆದೆ ಸಾರ್. ಹತ್ತೊಂಬತ್ತೂ. ಅಂಕಿ ಅವರದರ ಹಾಗೆ ಬರೆದೆ. ಅವರು ಸಹಿ ಹಾಕಿದ್ರು ಅಷ್ಟೇ."

"ಅವರಿಗೆ ಗೊತ್ತಿತ್ತಾ?"

"ಶೀಟು ನಾನು ತುಂಬಿದ್ದು ಅಂತ ಗೊತ್ತಿತ್ತು. ಜಂಕ್ಷನ್ ಕೂಡಿಸಿದ್ಯಾ ಅಂತ ಪ್ರತಿ ಸಲ ಕೇಳ್ತಿದ್ರು. ಕೂಡಿಸಿದೀನಿ ಅಂತ ಸುಳ್ಳು ಹೇಳ್ತಿದ್ದೆ."

ಸಾಹೇಬರು ಕನ್ನಡಕ ತೆಗೆದಿಟ್ಟರು. ಬೈದರೆ ಸಾಕು ಎನ್ನಿಸಿತು. ಬೈಯಲಿಲ್ಲ. "ನಕ್ಷೆ ವಾಪಸ್ ತರಿಸಿ," ಎಂದು ಜೂನಿಯರ್ ಇಂಜಿನಿಯರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬರೆದು ಕೊಡಿ. ಆಗಿದ್ದು ಆಗಿದ್ದ ಹಾಗೆ," ಎಂದರು. ಹೊರಗೆ ಬಂದಮೇಲೆ ಜೂನಿಯರ್ ಇಂಜಿನಿಯರ್ ನನ್ನ ಜೊತೆ ಮಾತಾಡಲಿಲ್ಲ. ಎರಡು ವಾರ ಮಾತಾಡಲಿಲ್ಲ.

ಒಂದೂವರೆ ಪುಟ ಬರೆದುಕೊಟ್ಟೆ. ಹತ್ತೊಂಬತ್ತು ಶೀಟನ್ನೂ ಮತ್ತೆ ಮಾಡಿಸಿದರು. ಮೇಲಿನ ಎರಡು ಬೀದಿಗೆ ದೊಡ್ಡ ಕೊಳವೆ ಬರೆದರು. ಒಂದು ವರ್ಷ ಯಾವ ಶೀಟಿಗೂ ಸಹಿ ಹಾಕಬಾರದು ಎಂದು ನನಗೆ ಲಿಖಿತ ಆದೇಶ ಬಂತು. ಯಂತ್ರದ ಕೆಲಸ ಮಾತ್ರ ನನ್ನ ಹತ್ತಿರವೇ ಬಿಟ್ಟರು, ನನ್ನ ಪ್ರತಿ ಕಾರ್ಡನ್ನೂ ಜೂನಿಯರ್ ಇಂಜಿನಿಯರ್ ಓದಿದ ಮೇಲೆಯೇ ಓಡಿಸಬೇಕು ಎಂಬ ಕರಾರಿನ ಮೇಲೆ. ಆದರೆ ಕಚೇರಿಯ ಕಡತದಲ್ಲಿ ಮೇಷ್ಟ್ರ ಹೆಸರಿನ ಪಕ್ಕದಲ್ಲೂ ಒಂದು ಟಿಪ್ಪಣಿ ಬಿತ್ತು. ತಾವು ಮಾಡದ ಲೆಕ್ಕಕ್ಕೆ ಸಹಿ ಹಾಕಿದರು ಎಂದು. ನಾನು ನಿಜ ಹೇಳಿದ್ದರಿಂದ ಬಿದ್ದ ಟಿಪ್ಪಣಿ ಅದು. ಹೇಳದಿದ್ದರೆ ಲೆಕ್ಕ ತಪ್ಪಿದರು ಎಂದು ಬೀಳುತ್ತಿತ್ತು. ಯಾವುದು ಹಗುರ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬೇರೆ ಯಾರಾದರೂ ಹೇಳುವ ಮುಂಚೆ ನಾನೇ ಹೇಳಬೇಕು ಎಂದು ಕತ್ರಿಗುಪ್ಪೆಗೆ ಹೋದೆ. ರಾಗಿ ತೆನೆಗಟ್ಟಿದ್ದ ಹೊಲಗಳ ಬದುವಿನ ಮೇಲೆ ನಡೆದು, ಊರ ಒಳಗೆ ಆ ಎರಡು ಕೋಣೆಯ ಮನೆ. ಮೇಷ್ಟ್ರ ಹೆಂಡತಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬಾಮ್ಮ. ಎಷ್ಟು ದಿನ ಆಯ್ತು," ಎಂದು ಮೊರವನ್ನು ಪಕ್ಕಕ್ಕೆ ಸರಿಸಿದರು.

ಕೂತು, ಎಲ್ಲ ಹೇಳಿದೆ. ತಪ್ಪು ನನ್ನದು, ಆದರೆ ಅವರ ಹೆಸರಿಗೂ ತಾಗಿದೆ ಎಂದೆ. ಅವರು ಒಂದು ಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು.

"ಅವರಿಗೆ ಕಣ್ಣು ಕಾಣ್ತಿರ್ಲಿಲ್ಲ, ಅದು ನಿನಗೆ ಗೊತ್ತಿತ್ತಾ?" ಎಂದರು ಕೊನೆಗೆ.

"ಇಲ್ಲಮ್ಮ. ಕಾಲು ನೋವು ಅಂತ..."

"ಕಾಲೂ ಇತ್ತು. ಕಣ್ಣು ಆಷಾಢಕ್ಕೆ ಮುಂಚೇನೇ ಹೋಗಿತ್ತು. ಸಕ್ಕರೆ ತಿಂದುಬಿಡ್ತು. ಆಫೀಸಿಗೆ ಹೇಳ್ಬೇಡ, ಆ ಹುಡುಗಿಗಂತೂ ಹೇಳ್ಲೇಬೇಡ ಅಂದಿದ್ರು. ನೀನು ಶೀಟು ಕೊಟ್ಟು ಹೋದ್ಮೇಲೆ ನಾನೇ ಅವರ ಬೆರಳು ಹಿಡಿದು ಆ ಚೌಕದ ಮೇಲೆ ಇಡ್ತಿದ್ದೆ. ಇಲ್ಲೇನಾ ಅನ್ನೋರು. ಇಲ್ಲೇ ಅಂತಿದ್ದೆ. ಸಹಿ ಹಾಕೋರು. ನನಗೆ ಅಕ್ಷರ ಬರಲ್ಲ. ಅದರಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿಲ್ಲ."

ಅವರು ಕೈಯಲ್ಲಿದ್ದ ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿದರು.

"ಬರೆದು ಕೊಟ್ಟೆ ಅಂದೆಯಲ್ಲ, ಅದರಲ್ಲಿ ನನ್ನ ವಿಷಯ ಬಂದಿದೆಯಾ?"

"ನಿಮ್ಮದಾ? ಇಲ್ಲಮ್ಮ. ನನಗೆ ಗೊತ್ತೇ ಇರ್ಲಿಲ್ಲ."

"ಹಾಗಾದ್ರೆ ಪೂರ್ತಿ ಬರೆದಿಲ್ಲ ನೀನು," ಎಂದರು. ಸಿಟ್ಟಿನಿಂದಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲ ಎನ್ನುವವರ ಹಾಗೆ. "ಅವರೊಬ್ಬರ ಮೇಲೆ ಬಿಡಬೇಡ. ನಿನ್ನೊಬ್ಬಳ ಮೇಲೂ ಬೇಡ. ನಾನೂ ಇದ್ದೆ ಅಂತ ಬರಿ."

ಕಚೇರಿಗೆ ಮತ್ತೆ ಬರೆದುಕೊಡುವ ಧೈರ್ಯ ನನಗೆ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಅವರೂ ತೀರಿಕೊಂಡರು. ಅವತ್ತು ಬಿಟ್ಟುಹೋದದ್ದನ್ನು ಈಗ ಇಲ್ಲಿ ಸೇರಿಸಿದ್ದೇನೆ.